ಕೆಮ್ಮಿದರೂ ಚಿತ್ರದಲ್ಲಿ ಬೀಳುತ್ತದೆ

ಗುಂಡನಿಗೆ ಹೊಸದೇನನ್ನು ತೋರಿಸಿದರೂ ಮೊದಲು ಅದರಿಂದ ಏನು ಲಾಭ ಎಂದು ಕೇಳುತ್ತಾನೆ. ರೇಡಿಯೊದಲ್ಲಿ ಚಿತ್ರ ಬರುತ್ತದೆ ಎಂದು ಮೇಷ್ಟ್ರು ಹೇಳಿದಾಗ ಮಾತ್ರ ಲಾಭದ ಮಾತೇ ಎತ್ತಲಿಲ್ಲ. "ಸುಮ್ನೆ ವಾಟ್ಸಾಪ್ ಮಾಡಿ ಅಂತ ಅವರಿಗೆ ಹೇಳಬಾರದಾ?" ಎಂದ.

"ಅವರು ನಾನೂರು ಕಿಲೋಮೀಟರ್ ಮೇಲಿದ್ದಾರೆ ಕಣಯ್ಯ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ನಂಬರ್ ಇದ್ದರೆ ನೀನೇ ಹೇಳು."

ಮೇಷ್ಟ್ರು ಹಳೇ ಹ್ಯಾಮ್, ಅಂದರೆ ಹವ್ಯಾಸಕ್ಕೆ ರೇಡಿಯೊ ಸಂಪರ್ಕ ನಡೆಸುವವರು. ಅವರ ಕೋಣೆಯಲ್ಲಿ ಕುರ್ಚಿಗಳಿಗಿಂತ ರೇಡಿಯೊಗಳು ಜಾಸ್ತಿ, ಹಾಗಾಗಿ ನಾನು, ಗುಂಡ, ಸೀನ ಮೂವರೂ ಒಂದೇ ಮಂಚದ ತುದಿಯಲ್ಲಿ ಕೂತಿದ್ದೆವು.

"ಇದನ್ನು ಸ್ಲೋ ಸ್ಕ್ಯಾನ್ ಟೆಲಿವಿಷನ್ ಅಂತಾರೆ. ನಾವು ಹ್ಯಾಮ್‌ಗಳು ಎಸ್‌ಎಸ್‌ಟಿವಿ ಅಂತೀವಿ," ಎಂದು ಮೇಷ್ಟ್ರು ಶುರು ಮಾಡಿದರು.

"ಟಿವಿ ಅಂದರೆ ಸೀರಿಯಲ್ ಬರುತ್ತಾ?"

"ಇಲ್ಲಪ್ಪ. ಒಂದು ಚಿತ್ರ ಬರುವುದಕ್ಕೇ ಎರಡು ನಿಮಿಷ ಬೇಕು."

"ಹಾಗಾದರೆ ಸೀರಿಯಲ್ಲೇ ಬಿಡಿ. ಅಲ್ಲೂ ಅತ್ತೆ ಕತ್ತು ತಿರುಗಿಸುವುದಕ್ಕೆ ಎರಡು ನಿಮಿಷ ತಗೊಳ್ತಾಳೆ."

ಮೇಷ್ಟ್ರು ಕೇಳಿಸಿಕೊಳ್ಳದವರ ಹಾಗೆ ಮುಂದುವರಿದರು. ಚಿತ್ರವನ್ನು ಗೆರೆ ಗೆರೆಯಾಗಿ ಓದಿ ಸದ್ದು ಮಾಡಿ ಕಳಿಸುವುದು, ಇಷ್ಟೇ ಇದರ ಗುಟ್ಟು. ಕಪ್ಪಿದ್ದ ಕಡೆ 1500 ಹರ್ಟ್ಜ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನದ ಸ್ವರ. ಬಿಳುಪಿದ್ದ ಕಡೆ 2300. ನಡುವಿನ ಬೂದು ಬಣ್ಣಗಳೆಲ್ಲ ನಡುವಿನ ಸ್ವರಗಳು. ಇವೆರಡಕ್ಕಿಂತ ಕೆಳಗೆ, 1200 ಹರ್ಟ್ಜ್‌ನಲ್ಲಿ, ಹೊಸ ಗೆರೆ ಶುರುವಾಯಿತು ಎಂದು ತಿಳಿಸುವ ಚಿಕ್ಕ ಸದ್ದು. ಎಲ್ಲವೂ ಮನುಷ್ಯರ ಮಾತಿನ ಸ್ವರಗಳ ಮಿತಿಯೊಳಗೇ ಇರುವುದರಿಂದ ಮಾತು ಹೊರುವ ರೇಡಿಯೊ ಚಿತ್ರವನ್ನೂ ಹೊರುತ್ತದೆ.

"ಅಂದರೆ ನನ್ನ ಫೋಟೊ ಕಳಿಸಿದರೂ ಕೇಳಿಸುತ್ತಾ?" ಎಂದ ಗುಂಡ.

"ಕೇಳಿಸುತ್ತೆ. ತಲೆಯ ಭಾಗ ಬಂದಾಗ 2300ರ ಹತ್ತಿರ ಒಂದೇ ಸಮನೆ ಕೀರಲು ಸದ್ದು. ಕೂದಲು ಇದ್ದಿದ್ದರೆ ಸ್ವಲ್ಪ ಕೆಳಗಿಳಿಯುತ್ತಿತ್ತು."

ಗುಂಡ ಟೋಪಿ ಸರಿಮಾಡಿಕೊಂಡ. ಸೀನ ಅವನನ್ನು ಪಾರು ಮಾಡಲು ಇತಿಹಾಸ ಕೇಳಿದ. ಇತಿಹಾಸ ಕೇಳಿದರೆ ಮೇಷ್ಟ್ರು ಯಾರನ್ನಾದರೂ ಕ್ಷಮಿಸುತ್ತಾರೆ.

ಇದನ್ನು ಶುರು ಮಾಡಿದವರು ಅಮೆರಿಕದ ಕಾಪ್‌ಥಾರ್ನ್ ಮ್ಯಾಕ್‌ಡೊನಾಲ್ಡ್. 1950ರ ದಶಕದ ಕೊನೆಯಲ್ಲಿ, ಇನ್ನೂ ಕಾಲೇಜಿನಲ್ಲಿ ಓದುತ್ತಿದ್ದಾಗ. ಆಗ ಒಂದು ಚಿತ್ರಕ್ಕೆ 120 ಗೆರೆ, 8 ಸೆಕೆಂಡು. ಚಿತ್ರ ಮೂಡುತ್ತಿದ್ದದ್ದು ರೇಡಾರ್‌ಗೆ ಬಳಸುತ್ತಿದ್ದಂಥ ಗಾಜಿನ ಚಿತ್ರಕೊಳವೆಯ ಮೇಲೆ. ಅದರ ಬೆಳಕು ತಕ್ಷಣ ಆರುವುದಿಲ್ಲ. ಕೊನೆಯ ಗೆರೆ ಬರುವ ಹೊತ್ತಿಗೆ ಮೊದಲ ಗೆರೆ ಇನ್ನೂ ಮಂಕಾಗಿ ಉಳಿದಿರುತ್ತಿತ್ತು. ಕೋಣೆ ಕತ್ತಲಾಗಿರಬೇಕಿತ್ತು, ನೋಡುವವರ ಕಣ್ಣು ಚುರುಕಾಗಿರಬೇಕಿತ್ತು.

"ಆಗ 8 ಸೆಕೆಂಡು. ಈಗ ಎರಡು ನಿಮಿಷ," ಗುಂಡ ಬೆರಳು ಮಡಚಿದ. "ಇನ್ನು ಐವತ್ತು ವರ್ಷ ಹೀಗೇ ಮುಂದುವರಿದರೆ ಚಿತ್ರವನ್ನು ಮೊಮ್ಮಕ್ಕಳು ನೋಡಬೇಕು."

ಲೆಕ್ಕ ತಪ್ಪಲ್ಲ. ಆದರೆ ಈಗ ನಿಲ್ದಾಣದಿಂದ ಸಾಮಾನ್ಯವಾಗಿ ಬರುವ ಪಿಡಿ120 ಎಂಬ ಬಗೆಯಲ್ಲಿ 640ಕ್ಕೆ 496 ಚುಕ್ಕಿ, ಅದೂ ಬಣ್ಣದಲ್ಲಿ. ಆತುರದವರಿಗೆ ರೋಬೋಟ್ 36 ಎಂಬ ಇನ್ನೊಂದು ಬಗೆ ಇದೆ, 36 ಸೆಕೆಂಡಿಗೆ ಮುಗಿಯುತ್ತದೆ. ಹ್ಯಾಮ್‌ಗಳು ತಮ್ಮತಮ್ಮಲ್ಲೇ ಚಿತ್ರ ಕಳಿಸಿಕೊಳ್ಳುವುದು ಹೆಚ್ಚಾಗಿ 14.230 ಮೆಗಾಹರ್ಟ್ಜ್‌ನಲ್ಲಿ. ನಿಲ್ದಾಣದ್ದು ಸಾಮಾನ್ಯವಾಗಿ 145.800, ಎಫ್‌ಎಂ. ಅದೂ ದಿನಾ ಅಲ್ಲ, ಮೊದಲೇ ಹೇಳಿದ ಕೆಲವು ದಿನ ಮಾತ್ರ. ಕೇಳುವುದಕ್ಕೆ ಕೈಯಲ್ಲಿ ಹಿಡಿಯುವ ಚಿಕ್ಕ ರೇಡಿಯೊ ಸಾಕು. ಮೊಬೈಲಿನಲ್ಲಿ ಸದ್ದನ್ನು ಚಿತ್ರವಾಗಿಸುವ ಆ್ಯಪ್ ಹಾಕಿ ಸ್ಪೀಕರ್ ಮುಂದೆ ಹಿಡಿದರೆ ಆಯಿತು.

ನಿಲ್ದಾಣ ಬರುವ ಹೊತ್ತಾಯಿತು. ಮೇಷ್ಟ್ರು ರೇಡಿಯೊ ಮುಂದೆ ಮೊಬೈಲ್ ಇಟ್ಟರು. ಸೀನ ತನ್ನ ಹಳೇ ಲ್ಯಾಪ್‌ಟಾಪನ್ನೂ ಪಕ್ಕದಲ್ಲಿ ತೆರೆದ. ಮೊದಲು ಬರೀ ಗರಗರ. ಆಮೇಲೆ ಹಠ ಹಿಡಿದ ಪೀಪಿಯಂತೆ ಒಂದು ಸದ್ದು ಎದ್ದಿತು. ಪರದೆಯ ಮೇಲಂಚಿನಲ್ಲಿ ನೀಲಿ ಪಟ್ಟಿ ಮೂಡಿತು.

"ಆಕಾಶ," ಎಂದ ಸೀನ.

"ಸಮುದ್ರ," ಎಂದ ಗುಂಡ. ಎಂದವನು ಜೋರಾಗಿ ಕೆಮ್ಮಿದ. ನೀಲಿಯ ಮೇಲೆ ಅಡ್ಡಡ್ಡ ಎರಡು ಬಣ್ಣಗೆಟ್ಟ ಗೆರೆ.

"ನಿನ್ನ ಕೆಮ್ಮು!" ಮೇಷ್ಟ್ರು ಕಿರುಚಿದರು. "ಎರಡು ಗೆರೆಗೆ ಅರ್ಧ ಸೆಕೆಂಡು ಕಣೋ! ಮೈಕಿಗೆ ನೀನೂ ಒಂದೇ, ನಿಲ್ದಾಣವೂ ಒಂದೇ! ಎಲ್ಲರೂ ಬಾಯಿ ಮುಚ್ಚಿ!"

ಬಾಯಿ ಮುಚ್ಚಿ ಎಂದು ಹೇಳಿ ಮುಗಿಸುವಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಗೆರೆ ಹೋಗಿದ್ದವು. ಗುಂಡನ ಪಾಲು ಎರಡೇ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಹಾಗೂ ಇರಲಿಲ್ಲ.

ಆಮೇಲೆ ಕೈಸನ್ನೆಯಲ್ಲೇ ಜಗಳ. ದುಂಡಗೆ ಬೆಳ್ಳಗೆ ಏನೋ ಇಳಿಯತೊಡಗಿತು. ಸೀನ ಎರಡು ಕೈಯಲ್ಲಿ ಚಂದ್ರ ಎಂದು ತೋರಿಸಿದ. ಗುಂಡ ತನ್ನ ಟೋಪಿ ತೆಗೆದು ತಲೆ ತೋರಿಸಿದ. ಗುಂಡನೇ ಹತ್ತಿರ. ಅದು ಹೆಲ್ಮೆಟ್. ಕೆಳಗೆ ಹುಬ್ಬು, ಕಣ್ಣು, ನಗು. ಯೂರಿ ಗಗಾರಿನ್! ಗಲ್ಲದವರೆಗೆ ಬಂದರು. ಅಲ್ಲಿಂದ ಕೆಳಗೆ ಬರೀ ಚುಕ್ಕಿ.

"ಭುಜ ಎಲ್ಲಿ ಮೇಷ್ಟ್ರೇ?"

"ನಿಲ್ದಾಣ ದಿಗಂತದ ಕೆಳಗೆ ಹೋಯಿತು. ಭುಜ ಪೂರ್ವದವರಿಗೆ ಸಿಕ್ಕಿರುತ್ತದೆ. ಒಂದು ಸಲ ಬಂದರೆ ಹೆಚ್ಚೆಂದರೆ ಹತ್ತು ನಿಮಿಷ ಕಾಣುತ್ತದೆ. ಚಿತ್ರ ಯಾವಾಗ ಶುರುವಾಗುತ್ತೋ ಅದು ನಮ್ಮ ಅದೃಷ್ಟ."

ಅಷ್ಟರಲ್ಲಿ ಸೀನನ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ವಿಚಿತ್ರ. ಅದೇ ಗಗಾರಿನ್, ಆದರೆ ಪಕ್ಕಕ್ಕೆ ವಾಲಿದ್ದಾರೆ.

"ಮೇಲೆ ಭಾರ ಇರುವುದಿಲ್ಲವಲ್ಲ, ತೇಲುತ್ತಿದ್ದಾರೆ," ಗುಂಡ ವಿವರಿಸಿದ.

ತೇಲುತ್ತಿದ್ದದ್ದು ಲ್ಯಾಪ್‌ಟಾಪಿನ ಗಡಿಯಾರ. ಸದ್ದನ್ನು ಅಳೆಯುವ ಸೌಂಡ್ ಕಾರ್ಡಿನ ಗಡಿಯಾರ ಹತ್ತು ಸಾವಿರದಲ್ಲಿ ಒಂದು ಪಾಲು ತಪ್ಪಿದರೂ ಸಾಕು, ಇಡೀ ಚಿತ್ರ ಮುಗಿಯುವಷ್ಟರಲ್ಲಿ ಗೆರೆ ಅಗಲದ ಹತ್ತನೇ ಒಂದು ಭಾಗ ಪಕ್ಕಕ್ಕೆ ಸರಿದಿರುತ್ತದೆ. ಸಾಫ್ಟ್‌ವೇರಿನಲ್ಲಿ ಸರಿ ಮಾಡಿಕೊಳ್ಳಬಹುದು. ಸೀನ ಒಪ್ಪಲಿಲ್ಲ. ವಾಲಿದ ಗಗಾರಿನ್ ಬೇರೆ ಯಾರ ಹತ್ತಿರವೂ ಇರುವುದಿಲ್ಲ ಎಂದು ಹಾಗೇ ಸೇವ್ ಮಾಡಿದ.

ನನಗೆ ಮಾತ್ರ ಒಂದು ಸಂಶಯ ಉಳಿದಿತ್ತು. "ಮೇಷ್ಟ್ರೇ, ರೇಡಿಯೊದಿಂದ ಮೊಬೈಲಿಗೆ ನೇರ ಒಂದು ಕೇಬಲ್ ಹಾಕಿದ್ದರೆ ಕೆಮ್ಮು ಒಳಗೆ ಹೋಗುತ್ತಲೇ ಇರಲಿಲ್ಲ ಅಲ್ವಾ?"

"ಹೋಗುತ್ತಿರಲಿಲ್ಲ."

"ನಿಮ್ಮ ಹತ್ತಿರ ಇಲ್ವಾ?"

"ಕಪಾಟಿನಲ್ಲಿದೆ," ಎಂದರು ಮೇಷ್ಟ್ರು, ಮುಖದಲ್ಲಿ ಒಂದು ಗೆರೆಯೂ ಅಲುಗದೆ. "ಅದನ್ನು ಹಾಕಿಬಿಟ್ಟರೆ ನಿಮ್ಮ ಮೂವರನ್ನು ಎರಡು ನಿಮಿಷ ಸುಮ್ಮನೆ ಕೂರಿಸುವುದಕ್ಕೆ ಬೇರೆ ಏನು ನೆಪ ಹುಡುಕಲಿ?"