ಊರಿನ ಕೂಟದಲ್ಲಿ ವಿಡಿಯೊ ಕಲಿಯುವುದೋ, ಹಣ ಕೊಟ್ಟು ಕಲಿಯುವುದೋ? ಅನುಭವವಿದ್ದವರು ತಿಳಿಸಿ

ಮಿಡಿಮಾವು, ಸಾಗರ ತಾಲ್ಲೂಕು (ಕೇಳಿದವರು)

ನನಗೆ 52 ವರ್ಷ. ಹದಿನಾಲ್ಕು ವರ್ಷಗಳಿಂದ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಪರಿಚಯದವರಿಗೆ ಕೊಡುತ್ತಿದ್ದೇನೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಕಲಿತು ನಾಲ್ಕು ಜನರಿಗೆ ತಲುಪಿಸಬೇಕೆಂಬ ಆಸೆಯಿದೆ. ನಮ್ಮೂರಿನ ಗ್ರಂಥಾಲಯದಲ್ಲಿ ತಿಂಗಳ ಎರಡನೆಯ ಭಾನುವಾರ ಹತ್ತು ಹದಿನೈದು ಮಂದಿ ಸೇರಿ ಒಬ್ಬರಿಗೊಬ್ಬರು ಹೇಳಿಕೊಡುವ ಕೂಟವೊಂದು ನಡೆಯುತ್ತದೆ. ಚಹಾಕ್ಕೆ 20 ರೂಪಾಯಿ ಬಿಟ್ಟರೆ ಬೇರೆ ಖರ್ಚಿಲ್ಲ. ಇನ್ನೊಂದೆಡೆ ಆರು ವಾರಗಳ ಆನ್‌ಲೈನ್ ತರಗತಿಗೆ ತೆರಿಗೆ ಸೇರಿ 11,800 ರೂಪಾಯಿ ಕೇಳುತ್ತಿದ್ದಾರೆ. ನನ್ನ ಫೋನಿನಲ್ಲಿ 32 ಜಿಬಿ ಜಾಗ ಮಾತ್ರ ಇದೆ, ಮುಖ ತೋರಿಸಲು ಸಂಕೋಚವೂ ಇದೆ. ಯಾವುದು ಸರಿಯಾದೀತು?

ತೋಟದ ಮಾತು, ಶಿರಸಿ

ಕೂಟಕ್ಕೆ ಕಾಲಿಡುವ ಮೊದಲು ನನ್ನ ಕಥೆಯನ್ನು ಓದಿ. 2019ರ ಮಳೆಗಾಲದಲ್ಲಿ ನಮ್ಮೂರಿನ ಸಂಘದ ಅಟ್ಟದ ಮೇಲೆ ಇಂಥದೇ ಕೂಟ ಆರಂಭವಾಯಿತು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕದಲ್ಲಿ ಅಡಿಕೆಯ ಕೊಳೆರೋಗ ತಡೆಯಲು ಸಿಂಪಡಿಸುವ ಬೋರ್ಡೊ ದ್ರಾವಣವನ್ನು ಹದವಾಗಿ ಕೂಡಿಸುವುದು ಹೇಗೆಂದು ನಾನು ತೋರಿಸಿದ ಮೊದಲ ವಿಡಿಯೊವನ್ನು ಕೊಳೆರೋಗದ ಆ ವರ್ಷ ಹನ್ನೊಂದು ಸಾವಿರ ಜನ ನೋಡಿದರು. ಆದರೆ ಯೂಟ್ಯೂಬ್ ಖಾತೆ ತೆರೆದುಕೊಟ್ಟವನು ಕೂಟದ ಒಬ್ಬ ಹುಡುಗ; ಓಟಿಪಿ ಬೇಗ ಬರಲೆಂದು ತನ್ನದೇ ಮೊಬೈಲ್ ಸಂಖ್ಯೆಯನ್ನು ಹಾಕಿಬಿಟ್ಟಿದ್ದ.

ಎರಡೂವರೆ ವರ್ಷ ಏನೂ ತೊಂದರೆಯಾಗಲಿಲ್ಲ. 214 ವಿಡಿಯೊ, 8,600 ಸಬ್‌ಸ್ಕ್ರೈಬರ್‌ಗಳು. 2022ರ ಜನವರಿಯಲ್ಲಿ ಫೋನ್ ತೋಟದ ಕೆರೆಗೆ ಬಿದ್ದಿತು. ಹೊಸ ಫೋನಿನಲ್ಲಿ ಪಾಸ್‌ವರ್ಡ್ ಹಾಕಿದರೂ ಗೂಗಲ್ ಆ ಹುಡುಗನ ಸಂಖ್ಯೆಗೇ ಸಂದೇಶ ಕಳುಹಿಸುತ್ತೇನೆಂದು ಹಠ ಹಿಡಿಯಿತು; ಅವನೋ ಬೆಂಗಳೂರು ಸೇರಿ ಸಿಮ್ ಬದಲಾಯಿಸಿ ಒಂದು ವರ್ಷವಾಗಿತ್ತು. ಎರಡು ಸಲ ಬೆಂಗಳೂರಿಗೆ ಹೋಗಿಬಂದ ಬಸ್ಸಿನ ಖರ್ಚು 2,740 ರೂಪಾಯಿ, ‘ಖಾತೆ ಬಿಡಿಸಿಕೊಡುತ್ತೇನೆ’ ಎಂದ ಮೊಬೈಲ್ ಅಂಗಡಿಯವನಿಗೆ 3,500, ಅವನು ಏನೂ ಮಾಡದೆ ‘ಸರ್ವರ್ ಬ್ಯುಸಿ’ ಎಂದ ಮೇಲೆ ಇನ್ನೊಬ್ಬನಿಗೆ 1,200. ಆ ವಿಡಿಯೊಗಳು ಈಗಲೂ ಅಲ್ಲಿಯೇ ಇವೆ. ಜನ ಕೆಳಗೆ ಪ್ರಶ್ನೆ ಕೇಳುತ್ತಾರೆ, ನಾನು ಹೊಸ ಖಾತೆಯಿಂದ ಉತ್ತರ ಬರೆದರೆ ‘ನೀವು ಯಾರು, ತೋಟದವರು ಹೇಳಲಿ’ ಎನ್ನುತ್ತಾರೆ.

ಜೋಳದ ರೊಟ್ಟಿ, ಕಲಬುರಗಿ

ನಮ್ಮದು ಮಹಿಳೆಯರ ಸ್ವಸಹಾಯ ಸಂಘದ ಕೂಟ, ಪ್ರತಿ ಗುರುವಾರ ಸೇರುತ್ತಿದ್ದೆವು, 23 ಮಂದಿ. ಮೊದಲ ದಿನವೇ ಎಲ್ಲರೂ ಎಲ್ಲರ ಚಾನೆಲ್‌ಗೂ ಸಬ್‌ಸ್ಕ್ರೈಬ್ ಆದೆವು. ಮರುವಾರ ಗಂಡಂದಿರ ಫೋನುಗಳು, ನಂತರ ಮಕ್ಕಳವು, ಆಮೇಲೆ ಪಕ್ಕದ ತಾಲ್ಲೂಕಿನ ಸಂಘದೊಡನೆ ‘ನೀವು ನಮಗೆ, ನಾವು ನಿಮಗೆ’ ಎಂಬ ಒಪ್ಪಂದ. ಐದು ತಿಂಗಳಲ್ಲಿ ನನಗೆ 1,040 ಸಬ್‌ಸ್ಕ್ರೈಬರ್‌ಗಳಾದರು; ಅಂದು ಸಂಘದಲ್ಲಿ ಪೇಡೆ ಹಂಚಿದೆ, 480 ರೂಪಾಯಿ. ಆಮೇಲೆ ನೋಡಿದರೆ ಯೂಟ್ಯೂಬಿನಿಂದ ಜಾಹೀರಾತಿನ ಹಣ ಪಡೆಯಲು ಹಿಂದಿನ ಹನ್ನೆರಡು ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕಿದ್ದಲ್ಲಿ ನನ್ನದು 212 ಗಂಟೆ. ಸಬ್‌ಸ್ಕ್ರೈಬ್ ಆದವರಲ್ಲಿ ಒಬ್ಬರೂ ವಿಡಿಯೊ ತೆರೆದು ನೋಡಿರಲಿಲ್ಲ. ಯಾಕೆ ನೋಡಬೇಕು? ಅವರಿಗೆಲ್ಲ ರೊಟ್ಟಿ ಬಡಿಯಲು ಬರುತ್ತದೆ. ಇಂಥ ಕೊಡುಕೊಳ್ಳುವಿಕೆ ಯೂಟ್ಯೂಬಿನ ನಿಯಮಕ್ಕೆ ವಿರುದ್ಧ ಎಂಬುದೂ ಆಮೇಲೆಯೇ ತಿಳಿಯಿತು.

ಗಂಟೆ ಹೆಚ್ಚಿಸಿಕೊಳ್ಳಲು ಏಳು ತಿಂಗಳು ದಿನಕ್ಕೊಂದರಂತೆ ಶಾರ್ಟ್ಸ್, ಅಂದರೆ ಯೂಟ್ಯೂಬಿನ ಪುಟ್ಟ ವಿಡಿಯೊ, ಹಾಕಿದೆ. ಒಂದನ್ನು ಎರಡು ಲಕ್ಷ ಜನ ನೋಡಿದರು. ಶಾರ್ಟ್ಸ್ ಫೀಡಿನಲ್ಲಿ ನೋಡಿದ್ದು ಆ ನಾಲ್ಕು ಸಾವಿರ ಗಂಟೆಗಳ ಲೆಕ್ಕಕ್ಕೆ ಸೇರುವುದಿಲ್ಲ, ಅದಕ್ಕೆ ಬೇರೆಯದೇ ಅಳತೆಯಿದೆ, 90 ದಿನಗಳಲ್ಲಿ ಒಂದು ಕೋಟಿ ವೀಕ್ಷಣೆ ಎಂದು ನಮ್ಮ ಕೂಟದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆಳಗಿನ ಐದು ಗಂಟೆಗೆ ಎದ್ದು ಬೆಳಕಿಗಾಗಿ ಒಲೆಯನ್ನು ಅಂಗಳಕ್ಕೆ ತಂದಿಟ್ಟವಳು ನಾನು.

ಹಣ ಕೊಟ್ಟು ಕಲಿತವಳು, ಮೈಸೂರು

ಮೇಲಿನ ಎರಡು ಉತ್ತರಗಳನ್ನು ಓದಿದ ಮೇಲೂ ಕೂಟ ಬೇಕೆನ್ನುವವರಿಗೆ ನಮಸ್ಕಾರ. ನಾನು 14,160 ರೂಪಾಯಿ ಕೊಟ್ಟು ಕಲಿತೆ. ಅದರ ಮೇಲೆ ರಿಂಗ್ ಲೈಟಿಗೆ 1,350, ಸ್ಟ್ಯಾಂಡಿಗೆ 799, ವಿಡಿಯೊ ಸಂಕಲನದ ಆ್ಯಪ್ ಕೈನ್‌ಮಾಸ್ಟರ್‌ನ ನೀರುಗುರುತು ಅಳಿಸಿಕೊಳ್ಳಲು ಪ್ರತಿ ತಿಂಗಳು ಚಂದಾ. ಆದರೆ ಎರಡನೆಯ ತರಗತಿಯಲ್ಲಿಯೇ ನಮಗೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಖಾತರಿಯನ್ನೂ ಕೇಳುವ ಎರಡು ಹಂತದ ದೃಢೀಕರಣ ಮಾಡಿಸಿದರು, ಖಾತೆಗೆ ನಮ್ಮದೇ ಎರಡು ಸಂಖ್ಯೆಗಳನ್ನು ಸೇರಿಸಿದರು. ಕೂಟದಲ್ಲಿ ಬಜ್ಜಿ ತಿಂದು ಹರಟೆ ಹೊಡೆದು ಬರುವವರು ಆಮೇಲೆ ಕಳೆದುಕೊಂಡ ವರ್ಷಗಳಿಗೆ ಬೆಲೆ ಕಟ್ಟುವುದಿಲ್ಲ. ಹೆಂಗಸರ ಸಮಯ ಪುಕ್ಕಟೆ ಎಂದುಕೊಂಡವರೇ ಹೀಗೆ ಲೆಕ್ಕ ಹಾಕುವುದು.

ಶಿಕ್ಷಕರು ಹೇಳಿಕೊಟ್ಟದ್ದೆಲ್ಲ ಸರಿ ಎಂದೇನೂ ಅಲ್ಲ. ನಾನು ಮಕ್ಕಳ ಶಿಶುಗೀತೆಗಳ ಚಾನೆಲ್ ಮಾಡಿದಾಗ ‘ಮಕ್ಕಳಿಗಾಗಿ ತಯಾರಿಸಿದ್ದು’ ಎಂದು ಗುರುತು ಹಾಕಬೇಕಾಯಿತು. 2020ರಿಂದ ಅಂಥ ವಿಡಿಯೊಗಳ ಕೆಳಗೆ ಪ್ರತಿಕ್ರಿಯೆಯೂ ಇಲ್ಲ, ನೋಡುವವರ ಅಭಿರುಚಿಗೆ ತಕ್ಕ ಜಾಹೀರಾತೂ ಇಲ್ಲ. ಇದನ್ನು ಅವರು ಹೇಳಲಿಲ್ಲ. ಕೇಳಿದರೆ ‘ಅದು ಮುಂದಿನ ಹಂತದ ಕೋರ್ಸಿನಲ್ಲಿದೆ’ ಎಂದರು.

ಜೋಳದ ರೊಟ್ಟಿ, ಕಲಬುರಗಿ

ಅಕ್ಕಾವರೇ, ಬಜ್ಜಿ ತಿಂದು ಹರಟೆ ಹೊಡೆದೆವು ಎಂದಿರಿ. 14,160 ರೂಪಾಯಿ ಎಂದರೆ ನಾನು ಎಷ್ಟು ರೊಟ್ಟಿ ಬಡಿಯಬೇಕೆಂದು ನಿಮಗೆ ಗೊತ್ತಿದೆಯೇ? ಆ ಕೂಟವಿಲ್ಲದಿದ್ದರೆ ನಮ್ಮ 23 ಜನರಲ್ಲಿ ಹದಿನೆಂಟು ಮಂದಿ ಇವತ್ತಿಗೂ ಮಗ ಮನೆಗೆ ಬಂದ ಮೇಲೆಯೇ ಫೋನ್ ಮುಟ್ಟುತ್ತಿದ್ದರು. ನಾನು ತಪ್ಪು ಕಲಿತೆನೆಂದು ಹೇಳಿದೆನೇ ಹೊರತು ಕಲಿಯಲೇ ಇಲ್ಲವೆಂದು ಹೇಳಲಿಲ್ಲ.

ನಿವೃತ್ತ ಅಧ್ಯಾಪಕ, ಧಾರವಾಡ

ಇಲ್ಲಿ ಎಲ್ಲರೂ ಹಣದ ಲೆಕ್ಕ ಹೇಳುತ್ತಿದ್ದೀರಿ. ಭಾಷೆಯ ವಿಷಯವನ್ನು ಯಾರೂ ಎತ್ತಲಿಲ್ಲ. ವಚನಗಳ ಅರ್ಥವಿವರಣೆಯ ಚಾನೆಲ್ ನನ್ನದು. ವರ್ಷಗಟ್ಟಲೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದವನು, ವಿಡಿಯೊದ ಕೆಳಗಿನ ವಿವರಣೆಯನ್ನೂ ಹಳೆಯ ನುಡಿ ಅಕ್ಷರಗಳಲ್ಲಿಯೇ ಟೈಪ್ ಮಾಡಿ ಅಂಟಿಸಿದೆ. ನನ್ನ ಗಣಕದಲ್ಲಿ ಶುದ್ಧ ಕನ್ನಡವಾಗಿದ್ದದ್ದು ಜಾಲದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಯಿತು. ಎಲ್ಲ ಕಡೆಯೂ ಕನ್ನಡವಾಗಿಯೇ ಕಾಣುವ ಯುನಿಕೋಡ್‌ಗೆ ಬದಲಾಯಿಸಿಕೊಂಡು 46 ವಿಡಿಯೊಗಳ ವಿವರಣೆಯನ್ನು ಒಂದೊಂದಾಗಿ ತಿದ್ದಲು ಹನ್ನೆರಡು ದಿನ ಬೇಕಾಯಿತು. ಕೂಟದಲ್ಲಿ ಅದನ್ನು ಗುರುತಿಸಿ ಹೇಳಿದವಳು ಪಿಯುಸಿ ಓದುವ ಹುಡುಗಿ.

ಅದೇ ಕೂಟದ ಇನ್ನೊಬ್ಬ ಸದಸ್ಯರು ಶೀರ್ಷಿಕೆಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯದಿದ್ದರೆ ಯಾರೂ ಹುಡುಕಲಾರರೆಂದು ವಾದಿಸಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಮೂರನೆಯವರು ನನ್ನ ಆರಂಭದ ವಿಡಿಯೊಗಳಲ್ಲಿ ಫ್ಯಾನಿನ ಸದ್ದು ಮಾತನ್ನು ನುಂಗಿದೆ, ಅವು ಚಾನೆಲ್ಲಿನ ಮರ್ಯಾದೆ ಕಳೆಯುತ್ತವೆ ಎಂದು ಹೇಳಿದಾಗ ಮಾತ್ರ ಅವರ ಮಾತನ್ನು ನಂಬಿ 31 ವಿಡಿಯೊಗಳನ್ನು ಅಳಿಸಿದೆ. ಅವುಗಳೊಡನೆ 900ಕ್ಕೂ ಹೆಚ್ಚು ವೀಕ್ಷಣಾ ಗಂಟೆಗಳೂ ಲೆಕ್ಕದಿಂದ ಹೋದವು. ಫ್ಯಾನಿನ ಸದ್ದಿನ ನಡುವೆಯೂ ಅಷ್ಟು ಹೊತ್ತು ಕೇಳಿದವರು ಯಾರಿದ್ದರೋ, ಅವರಲ್ಲಿ ಕ್ಷಮೆ ಕೇಳುತ್ತೇನೆ.

ಬಣ್ಣದ ಚೌಕಿ, ಉಡುಪಿ

ಮೇಷ್ಟ್ರೇ, ಶೀರ್ಷಿಕೆಯ ಜಗಳ ನಮ್ಮಲ್ಲೂ ನಡೆದಿದೆ. ಶೀರ್ಷಿಕೆಯನ್ನು ಕನ್ನಡದಲ್ಲಿಟ್ಟು ವಿವರಣೆಯ ಮೊದಲ ಸಾಲನ್ನು ಎರಡೂ ಲಿಪಿಗಳಲ್ಲಿ ಬರೆದರೆ ಮುಗಿಯಿತು.

ನಾನು ಕಲಿತದ್ದು ವಿಕಿಪೀಡಿಯದವರ ಕಾರ್ಯಾಗಾರಗಳಲ್ಲಿ. ತುಳು ವಿಕಿಪೀಡಿಯ 2016ರಲ್ಲಿ ಪೂರ್ಣ ರೂಪದಲ್ಲಿ ಹೊರಬಂದ ಕಾಲ ಅದು. ಯಕ್ಷಗಾನದ ಬಣ್ಣಗಾರಿಕೆಯನ್ನು ಚಿತ್ರೀಕರಿಸಿ ವಿಕಿಪೀಡಿಯದ ಚಿತ್ರ-ವಿಡಿಯೊಗಳ ಭಂಡಾರವಾದ ಕಾಮನ್ಸ್‌ಗೆ ಹಾಕಲು ಹೋದರೆ ಎಂಪಿ4 ಕಡತವನ್ನು ಅದು ಒಪ್ಪದು, ವೆಬ್‌ಎಂ ಎಂಬ ಬೇರೆ ಬಗೆಯ ಕಡತ ಆಗಬೇಕು. ಒಂದು ಗಂಟೆಯ ಚಿತ್ರಣವನ್ನು ನನ್ನ ಹಳೆಯ ಲ್ಯಾಪ್‌ಟಾಪ್ ಬದಲಾಯಿಸುವಷ್ಟರಲ್ಲಿ ಮೇಳ ಮಂಗಳ ಹಾಡಿ ಮನೆಗೆ ಹೋಗಿರುತ್ತಿತ್ತು. ಆದರೆ ಯಾರ ಹಾಡು, ಯಾರ ಚಿತ್ರ, ಯಾರ ಅನುಮತಿ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳುವ ಅಭ್ಯಾಸ ಅಲ್ಲಿಂದಲೇ ಬಂತು. ಹಣ ತೆತ್ತ ತರಗತಿಗಳಲ್ಲಿ ಇದನ್ನು ಕಲಿಸಿದ್ದನ್ನು ನಾನು ಕಂಡಿಲ್ಲ.

ಹಳೆಯ ಟಿಕ್‌ಟಾಕ್‌ನವ, ದಾವಣಗೆರೆ

ಹಕ್ಕುಸ್ವಾಮ್ಯದ ಉಪದೇಶ ಸಾಕು. ನಾವು ಹತ್ತು ಜನ ಗೆಳೆಯರು ದೋಸೆ ಹೋಟೆಲಿನ ಹಿಂದಿನ ಬಯಲಿನಲ್ಲಿ ದಿನಾ ಸಂಜೆ ಸೇರಿ ಕಲಿತವರು, ನನಗೆ ಟಿಕ್‌ಟಾಕ್‌ನಲ್ಲಿ 46,000 ಹಿಂಬಾಲಕರಿದ್ದರು. 2020ರ ಜೂನ್ 29ರಂದು ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದ ರಾತ್ರಿ ನನ್ನ ಒಂದೂವರೆ ವರ್ಷದ ದುಡಿಮೆ ಹೋಯಿತು. ಮೂಲ ವಿಡಿಯೊಗಳನ್ನು ಫೋನಿನಲ್ಲಿ ಉಳಿಸಿಕೊಂಡಿರಲಿಲ್ಲ. ಇನ್‌ಸ್ಟಾಗ್ರಾಂ ರೀಲ್ಸ್‌ನಲ್ಲಿ ಮತ್ತೆ ಸೊನ್ನೆಯಿಂದ ಆರಂಭಿಸಿದೆ, ಇವತ್ತಿಗೆ 3,100. ಯೂಟ್ಯೂಬಿಗೆ ಬಂದರೆ ಸಿನಿಮಾ ಹಾಡು ಹಾಕಿದ್ದಕ್ಕೆ ಮೂರು ಸಲ ಸ್ಟ್ರೈಕ್, ಅಂದರೆ ಹಕ್ಕುಸ್ವಾಮ್ಯ ಮುರಿದದ್ದಕ್ಕೆ ಎಚ್ಚರಿಕೆ, ಕೊಟ್ಟರು.

ಬಣ್ಣದ ಚೌಕಿ, ಉಡುಪಿ

ಮೂರು ಸ್ಟ್ರೈಕ್ ಬಂದಿದ್ದರೆ ನಿಮ್ಮ ಚಾನೆಲ್ ಉಳಿಯುತ್ತಿರಲಿಲ್ಲ. 90 ದಿನಗಳ ಒಳಗೆ ಮೂರು ಬಂದರೆ ಚಾನೆಲನ್ನೇ ಮುಚ್ಚುತ್ತಾರೆ. ನಿಮಗೆ ಬಂದದ್ದು ಕ್ಲೇಮ್ ಇರಬೇಕು. ಹಾಡಿನ ಧ್ವನಿಯನ್ನು ಯಂತ್ರವೇ ಗುರುತಿಸಿ, ಜಾಹೀರಾತಿನಿಂದ ಬರುವ ಹಣವನ್ನು ಹಕ್ಕುದಾರರಿಗೆ ತಿರುಗಿಸುತ್ತದೆ, ಅಷ್ಟೇ. ಎರಡಕ್ಕೂ ಅಜಗಜಾಂತರ ವ್ಯತ್ಯಾಸವಿದೆ.

ಹಳೆಯ ಟಿಕ್‌ಟಾಕ್‌ನವ, ದಾವಣಗೆರೆ

ಕ್ಲೇಮೋ ಸ್ಟ್ರೈಕೋ, ದುಡ್ಡು ಬರಲಿಲ್ಲ. ನೀವು ಪಂಡಿತರು ಹೆಸರಿನ ಬಗ್ಗೆ ವಾದ ಮಾಡುತ್ತಿರಿ.

ಮಿಡಿಮಾವು, ಸಾಗರ ತಾಲ್ಲೂಕು (ಕೇಳಿದವರು)

ಎಲ್ಲರಿಗೂ ವಂದನೆಗಳು. ಮುಖ ತೋರಿಸದೆ ಕೈ ಮಾತ್ರ ತೋರಿಸಿದರೆ ಜನ ನೋಡುತ್ತಾರೆಯೇ? ಫೋನಿನ ಜಾಗದ ಬಗ್ಗೆಯೂ ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ.

ಜೋಳದ ರೊಟ್ಟಿ, ಕಲಬುರಗಿ

ನನ್ನ ಎರಡು ಲಕ್ಷದ ವಿಡಿಯೊದಲ್ಲಿ ಇದ್ದದ್ದು ಕೈ ಮಾತ್ರ. ಬಳೆಯ ಸದ್ದು ಮೈಕಿಗೆ ಜೋರಾಗಿ ಕೇಳಿಸುತ್ತದೆ, ಅದನ್ನು ನೋಡಿಕೊಳ್ಳಿ. ಏರಿಸಿದ ಮೇಲೆ ಮೂಲವನ್ನು ಫೋನಿಗೇ ಚುಚ್ಚುವ ಓಟಿಜಿ ಪೆನ್‌ಡ್ರೈವಿಗೆ ಸಾಗಿಸಿ ಫೋನಿನಿಂದ ತೆಗೆಯಬೇಕು. ದಾವಣಗೆರೆಯವರ ಗತಿ ಆಗಬಾರದು.

ನಮ್ಮ ಸಂಘದಲ್ಲಿ ಕೊನೆಗೆ ಅರ್ಹತೆ ಪಡೆದವಳು ಒಬ್ಬಳೇ. ಅವಳ ಖಾತೆಯಲ್ಲಿ ಹತ್ತು ಡಾಲರ್ ಆದಾಗ ವಿಳಾಸ ಖಚಿತಪಡಿಸಿಕೊಳ್ಳಲು ಗೂಗಲ್ ಅಂಚೆಯಲ್ಲಿ ಪಿನ್ ಕಳುಹಿಸಿತು. ಮನೆಗೆ ಸಂಖ್ಯೆಯಿಲ್ಲ, ಓಣಿಗೆ ಹೆಸರಿಲ್ಲ. ಮೊದಲ ಪತ್ರ ಬರಲಿಲ್ಲ, ಎರಡನೆಯದು ಅದೇ ಹೆಸರಿನ ಇನ್ನೊಬ್ಬರ ಮನೆಯಲ್ಲಿ ದೇವರ ಫೋಟೋದ ಹಿಂದೆ ಎರಡು ತಿಂಗಳು ಕುಳಿತಿತ್ತು. ಮೂರನೆಯ ಸಲ ವಿಳಾಸದಲ್ಲಿ ಹಿಟ್ಟಿನ ಗಿರಣಿಯ ಹೆಸರನ್ನೂ ಸೇರಿಸಿ ಬರೆದ ಮೇಲೆ ಬಂತು.

ಸಂಘದ ಅಟ್ಟ, ಈಗ ಬೆಂಗಳೂರು

ಶಿರಸಿಯವರು ಬರೆದ ‘ಒಬ್ಬ ಹುಡುಗ’ ನಾನೇ. ಮಾವ, ಊರಿನವರ ಮುಂದೆ ಹೇಳಿದ್ದನ್ನೇ ಇಲ್ಲಿಯೂ ಅರ್ಧ ಮಾತ್ರ ಹೇಳಿದ್ದೀರಿ. ಅಂದು ನಿಮ್ಮ ಸಂಖ್ಯೆ ಕೇಳಿದಾಗ, ಗೂಗಲ್‌ಗೆ ಸಂಖ್ಯೆ ಕೊಟ್ಟರೆ ಸೊಸೈಟಿಯ ಖಾತೆಯಲ್ಲಿದ್ದ ಅಡಿಕೆಯ ಹಣ ಹೋಗುತ್ತದೆಂದು ಯಾರೋ ಹೇಳಿದ್ದಾರೆ, ಕೊಡುವುದಿಲ್ಲ ಎಂದವರು ನೀವು. ಬೆಂಗಳೂರಿಗೆ ಹೊರಡುವ ಮೊದಲು ನಾನು ಮೂರು ಸಲ ತೋಟಕ್ಕೆ ಬಂದೆ, ಸಂಖ್ಯೆ ಬದಲಾಯಿಸೋಣವೆಂದು. ಒಮ್ಮೆ ಅಡಿಕೆಯ ಕೊನೆಕೊಯ್ಲು ಎಂದಿರಿ, ಒಮ್ಮೆ ಶ್ರಾದ್ಧವಿತ್ತು, ಮೂರನೆಯ ಸಲ ಮಲಗಿದ್ದಿರಿ. ಪುಕ್ಕಟೆ ಕಲಿಸಿದವನ ಮೇಲೆ ಇಷ್ಟು ವರ್ಷ ಸಿಟ್ಟು ಇಟ್ಟುಕೊಳ್ಳುವುದು ಸುಲಭ.

ತೋಟದ ಮಾತು, ಶಿರಸಿ

ತಮ್ಮಾ, ಮಲಗಿದ್ದವನನ್ನು ಎಬ್ಬಿಸಬಹುದಿತ್ತು. ಕೊನೆಕೊಯ್ಲಿನ ದಿನ ಬಂದು ಫೋನ್ ತೆಗೆಯಿರಿ ಎಂದರೆ ಯಾವ ತೋಟದವನು ತೆಗೆದಾನು? ನೀನು ಕಲಿಸಿದ್ದನ್ನು ನಾನು ಅಲ್ಲಗಳೆದಿಲ್ಲ. ಕೆಲಸ ಅರ್ಧಕ್ಕೆ ಬಿಟ್ಟೆ ಎಂದಿದ್ದೇನೆ.

ಹಣ ಕೊಟ್ಟು ಕಲಿತವಳು, ಮೈಸೂರು

ನೋಡಿದಿರಾ? ಪುಕ್ಕಟೆ ಕಲಿಸಿದರೆ ಕಲಿಸಿದವರಿಗೂ ಕಲಿತವರಿಗೂ ಹೊಣೆಯಿಲ್ಲ. ರಸೀದಿ ಇದ್ದಿದ್ದರೆ ಈ ಮಾತು ಬರುತ್ತಿತ್ತೇ?

ನಿವೃತ್ತ ಅಧ್ಯಾಪಕ, ಧಾರವಾಡ

ಮೇಡಂ, ರಸೀದಿ ಇದ್ದ ನಿಮಗೇ ಶಿಶುಗೀತೆಯ ವಿಷಯ ಹೇಳಿರಲಿಲ್ಲವಲ್ಲ.

ಸಂಘದ ಅಟ್ಟ, ಈಗ ಬೆಂಗಳೂರು

ಮಾವ, ಆ ಹಳೆಯ ಸಂಖ್ಯೆ ಈಗ ಹುಬ್ಬಳ್ಳಿಯ ಒಬ್ಬ ಲಾರಿ ಚಾಲಕರ ಬಳಿ ಇದೆ. ಮೊನ್ನೆ ಕರೆ ಮಾಡಿ ಮಾತಾಡಿದೆ, ಒಳ್ಳೆಯ ಮನುಷ್ಯ. ನೀವು ಗೂಗಲ್‌ನಿಂದ ಸಂದೇಶ ಕಳುಹಿಸಿದ ಕ್ಷಣವೇ ಅವರು ಆ ಅಂಕಿಗಳನ್ನು ಓದಿ ಹೇಳಲು ಒಪ್ಪಿದ್ದಾರೆ. ಸಾಮಾನ್ಯವಾಗಿ ಓಟಿಪಿಯನ್ನು ಯಾರೂ ಯಾರಿಗೂ ಹೇಳಬಾರದೆಂದು (ಮೋಸ ಹೋದರೆ ಈಗ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು) ನಾನೇ ಕೂಟದಲ್ಲಿ ಬಾಯಿಪಾಠ ಮಾಡಿಸಿದವನು. ಆದ್ದರಿಂದ ನಾನೂ ಕರೆಯಲ್ಲಿ ಇರುತ್ತೇನೆ. ಭಾನುವಾರ ಹತ್ತು ಗಂಟೆಗೆ ಅವರು ಲಾರಿಯನ್ನು ಬಂಕಿನ ಹತ್ತಿರ ನಿಲ್ಲಿಸುತ್ತಾರಂತೆ. ಪಾಸ್‌ವರ್ಡ್ ಬರೆದಿಟ್ಟ ಪಂಚಾಂಗವನ್ನು ಹುಡುಕಿಡಿ.

ಕೂಟದ ಟ್ರೈಪಾಡ್ ಕೂಡ ನಿಮ್ಮ ಅಟ್ಟದಲ್ಲಿದೆ. ಅದಕ್ಕೆ ನಾವು ಒಂಬತ್ತು ಜನ ತಲಾ 110 ರೂಪಾಯಿ ಹಾಕಿದ್ದೆವು.

ತೋಟದ ಮಾತು, ಶಿರಸಿ

ಪಂಚಾಂಗ ಸಿಕ್ಕಿದೆ. ಟ್ರೈಪಾಡಿನ ಒಂದು ಕಾಲು ಮುರಿದಿದೆ, ಅಡಿಕೆ ದಬ್ಬೆ ಕಟ್ಟಿ ನಿಲ್ಲಿಸಿದ್ದೇನೆ. ಭಾನುವಾರ ಹತ್ತಕ್ಕೆ ಬೇಡ, ಹತ್ತೂವರೆಗೆ. ನಮ್ಮಲ್ಲಿ ಹತ್ತಕ್ಕೆ ಕರೆಂಟು ಹೋಗುತ್ತದೆ, ಟವರೂ ಅದರ ಜೊತೆಗೇ ಹೋಗಿ ಬರುತ್ತದೆ.