ಮಗಳು ರೇಡಿಯೇಟರ್ ಪೈಪ್ ಹಿಡಿದು ನಿಲ್ತಾಳೆ, ಏನು ಮಾಡೋದು?

ರೆಡಿಂಗ್‌ನಿಂದ:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಇಲ್ಲಿ ಇಂಗ್ಲೆಂಡಲ್ಲಿ ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಬಂದ್ವಿ. 1970ರ ದಶಕದ ಸೆಮಿ, ಅಂದ್ರೆ ಪಕ್ಕದ ಮನೆ ಜೊತೆ ಒಂದು ಗೋಡೆ ಹಂಚ್ಕೊಳ್ಳೋ ಮನೆ. ಮಗಳಿಗೆ ಹತ್ತು ತಿಂಗಳು, ಸಿಕ್ಕಿದ್ದನ್ನೆಲ್ಲ ಹಿಡ್ಕೊಂಡು ಎದ್ದು ನಿಲ್ತಾಳೆ. ಹಾಲ್‌ನಲ್ಲಿ ಬಿಸಿನೀರು ಹರಿದು ಕೋಣೆ ಬೆಚ್ಚಗಿಡೋ ರೇಡಿಯೇಟರಿಗೆ ನೆಲದಿಂದ ಎದ್ದು ಬರೋ ತಾಮ್ರದ ಪೈಪು ಸರಿಯಾಗಿ ಅವಳ ಕೈಗೇ ಸಿಗೋ ಹಾಗಿದೆ, ಮುಟ್ಟಿದ್ರೆ ಚುರ್ರ್ ಅನ್ನುತ್ತೆ. ಊರಿಂದ ವಿಡಿಯೋ ಕಾಲ್‌ನಲ್ಲಿ ನೋಡಿದ ನಮ್ಮತ್ತೆ "ಬಚ್ಚಲ ಹಂಡೆ ಒಲೆ ಮುಂದೆ ಮಗೂನ ಕೂರಿಸಿದ ಹಾಗಾಯ್ತಲ್ಲೇ" ಅಂದ್ರು. ಮರದ ಕವರ್ ಹಾಕ್ಸೋಣ ಅಂತ ಮನೆಯವರು. ಮುಂದಿನ ವಾರ ಕಾರ್ಪೆಟ್ ಕಿತ್ತು ಲ್ಯಾಮಿನೇಟ್ ಹಾಕಿಸ್ತಿದ್ದೀವಿ. ನಿಮ್ಮನೇಲಿ ಏನು ಮಾಡಿದ್ರಿ?

ಮಿಲ್ಟನ್ ಕೀನ್ಸ್‌ನಿಂದ:

ಮೊದಲು ಆ ಲ್ಯಾಮಿನೇಟ್ ನಿಲ್ಸಿ ತಂಗಿ. ಅವರು ಪೈಪಿನ ಸುತ್ತ ತೂತು ಕೊರೆದು ಹಲಗೆ ಕೂರಿಸಿ ಹೋಗ್ತಾರೆ, ಆಮೇಲೆ ಪೈಪು ಒಂದಿಂಚು ಸರಿಸಿದ್ರೂ ಹೊಸ ನೆಲದಲ್ಲಿ ತೂತು ಬಾಯಿ ಬಿಟ್ಕೊಂಡು ಕೂತಿರುತ್ತೆ. ಪೈಪ್ ಕೆಲಸ ಮೊದಲು, ನೆಲ ಆಮೇಲೆ.

ಮರದ ಕವರ್ ನನಗಂತೂ ಇಷ್ಟ ಇಲ್ಲ. ಕೋಣೆಯ ಬಿಸಿ ನೋಡ್ಕೊಂಡು ನೀರು ಬಿಡೋ, ತಡೆಯೋ ಥರ್ಮೋಸ್ಟಾಟಿನ ತಿರುಗಿಸೋ ತಲೆ ಪೆಟ್ಟಿಗೆ ಒಳಗೆ ಸೇರ್ಕೊಂಡ್ರೆ ಅಲ್ಲಿರೋ ಬಿಸಿಗಾಳೀನೇ ಕೋಣೆ ಅಂದ್ಕೊಂಡು ಬೇಗ ಮುಚ್ಕೊಳ್ಳುತ್ತೆ. ನೀವು ಸ್ವೆಟರ್ ಹಾಕ್ಕೊಂಡು ಕೂರಬೇಕು.

ಅಸಲಿ ತೊಂದರೆ ಈ ದೇಶದ ಜೋಡಣೇಲೇ ಇದೆ. ರೇಡಿಯೇಟರಿನ ಎರಡೂ ಕೊನೆಗಳಿಂದ ಆಚೆ, ನೆಲದ ಹತ್ರ ಒಂದೊಂದು ವಾಲ್ವ್. ಒಂದು ಕಡೆ ಥರ್ಮೋಸ್ಟಾಟ್, ಇನ್ನೊಂದು ಕಡೆ ಲಾಕ್‌ಶೀಲ್ಡ್, ಅಂದ್ರೆ ನೀರಿನ ಹರಿವನ್ನ ಒಂದು ಸಲ ಹೊಂದಿಸಿ ಮುಚ್ಚಳ ಹಾಕಿಡೋ ವಾಲ್ವ್. ಮಗು ಹಿಡ್ಕೊಳ್ಳೋದು, ವ್ಯಾಕ್ಯೂಮ್ ಕ್ಲೀನರ್ ಬಡಿಯೋದು ಎಲ್ಲ ಅಲ್ಲಿಗೇ. ಪೈಪುಗಳ ನಡುವಿನ ಅಂತರ ಆ ಒಂದು ರೇಡಿಯೇಟರಿನ ಉದ್ದಕ್ಕೇ ಕಟ್ಟುಬಿದ್ದಿರುತ್ತೆ. ಹಳೇ ಮನೇಲಿ ಇಂಚಿನ ಅಳತೆಯ ರೇಡಿಯೇಟರ್ ತೆಗೆದು ಮಿಲಿಮೀಟರ್ ಅಳತೇದು ತಂದ್ರೆ ಒಂದು ಸೆಂಟಿಮೀಟರೋ ಎರಡೋ ಗಿಡ್ಡ ಬೀಳುತ್ತೆ, ಆ ಸಂದಿಗೆ ಉದ್ದ ಮಾಡೋ ತುಂಡು ಅಂತಾನೇ ಅಂಗಡೀಲಿ ಮಾರ್ತಾರೆ. ಜೋಡಿಸೋನಿಗೆ ಇದು ಸುಲಭ ಇರಬಹುದು, ವಾಸ ಇರೋರ ಬಗ್ಗೆ ಯಾರೂ ಯೋಚನೆ ಮಾಡಿಲ್ಲ.

ನನ್ನ ಮಗನ ರೂಮಿಗೆ ಕೆಳಗೆ ಮಧ್ಯದಲ್ಲಿ ಜೋಡಣೆ ಇರೋದನ್ನ ಹಾಕಿಸಿದೆ. ಎರಡೂ ಪೈಪು 50 ಮಿ.ಮೀ. ಅಂತರದಲ್ಲಿ ರೇಡಿಯೇಟರಿನ ಹೊಟ್ಟೆ ಕೆಳಗೆ ಬರುತ್ತೆ, ಹೆಚ್-ಬ್ಲಾಕ್ ಅನ್ನೋ ಒಂದೇ ಜೋಡಿ ವಾಲ್ವ್‌ನಲ್ಲಿ ಎರಡನ್ನೂ ಮುಚ್ಚಬಹುದು. ಪೈಪುಗಳನ್ನ ಗೋಡೆಯಿಂದಲೇ ಹೊರಗೆ ತಂದ್ರೆ ನೆಲದಲ್ಲಿ ಹಿಡ್ಕೊಳ್ಳೋಕೆ ಏನೂ ಇರಲ್ಲ. ನಾಳೆ ಇನ್ನೂ ಅಗಲದ್ದು ಬೇಕಾದ್ರೂ ಪೈಪು ಇದ್ದಲ್ಲೇ ಇರುತ್ತೆ. ಆದ್ರೆ ನಿಮ್ಮ ನೆಲ ಹಲಗೇದಾ ಕಾಂಕ್ರೀಟಾ ಅಂತ ನೋಡಿ. ಹಲಗೆ ಆದ್ರೆ ಅರ್ಧ ದಿನದ ಕೆಲಸ. ಕಾಂಕ್ರೀಟ್ ಆದ್ರೆ ಗೋಡೆ ಕೊರೀಬೇಕು, ಧೂಳು, ಪ್ಲಾಸ್ಟರು, ದುಡ್ಡು.

ಇನ್ನೊಂದು ಮಾತು, ಅನುಭವದ್ದು. ಪೇಂಟ್ ಮಾಡೋಕೆ ಅಂತ ನಾನೇ ಒಂದು ಸಲ ರೇಡಿಯೇಟರ್ ಬಿಚ್ಚಿದ್ದೆ. ಲಾಕ್‌ಶೀಲ್ಡ್ ಎಷ್ಟು ಸುತ್ತು ತಿರುಗಿಸಿದೆ ಅಂತ ಬರೆದಿಟ್ಕೊಂಡು ಮುಚ್ಚಿದೆ, ಥರ್ಮೋಸ್ಟಾಟನ್ನ ಹಿಮದ ಗುರುತಿಗೆ ತಿರುಗಿಸಿ ಮುಚ್ತು ಅಂದ್ಕೊಂಡೆ. ಅದು ಮುಚ್ಚೋ ಗುರುತಲ್ಲ! ಸುಮಾರು 6–7 ಡಿಗ್ರಿಗೆ ಇಳಿದ್ರೆ ಪೈಪು ಹೆಪ್ಪುಗಟ್ಟದಿರಲಿ ಅಂತ ತಾನೇ ತೆರ್ಕೊಳ್ಳುತ್ತೆ. ಪೇಂಟ್ ವಾಸನೆ ಹೋಗ್ಲಿ ಅಂತ ಡಿಸೆಂಬರ್ ರಾತ್ರಿ ಕಿಟಕಿ ತೆರೆದಿಟ್ಟು ಮಲಗಿದ್ವಿ. ಬೆಳಿಗ್ಗೆ ಕ್ರೀಮ್ ಬಣ್ಣದ ಕಾರ್ಪೆಟ್ ಮೇಲೆ ಕಾಡಿಗೆ ಕಲಸಿದಂಥ ನೀರು. ಒಳಗಿನ ಉಕ್ಕು ತುಕ್ಕು ಹಿಡಿದು ಆಗೋ ಕಪ್ಪು ಅದು, ಹೋಗಲೇ ಇಲ್ಲ. ಹೆಂಡತಿ ಇವತ್ತಿಗೂ ಆ ಜಾಗದ ಮೇಲೆ ಚಾಪೆ ಹಾಸಿ, ಬಂದೋರಿಗೆಲ್ಲ ಚಾಪೆ ಎತ್ತಿ ತೋರಿಸ್ತಾಳೆ. ಯಾರೇ ಬಿಚ್ಚಲಿ, ಥರ್ಮೋಸ್ಟಾಟಿನ ತಲೆ ತೆಗೆದು ತಿರುಪಿನ ಮುಚ್ಚಳ ಬಿಗೀಬೇಕು, ವಾಲ್ವಿನ ತೆರೆದ ಬಾಯಿಗೂ ಬಿರಡೆ ಹಾಕಬೇಕು. ಕೆಲಸ ಮುಗಿದ ಮೇಲೆ ತುಕ್ಕು ತಡೆಯೋ ಇನ್‌ಹಿಬಿಟರ್ ಹಾಕಿದ್ರಾ ಅಂತ ಕೇಳಿ.

ಸ್ಟುಟ್‌ಗಾರ್ಟ್‌ನಿಂದ:

ಆ ಮಧ್ಯದ ಜೋಡಣೆ ಜರ್ಮನೀಲಿ ಮಾಮೂಲು ಅಣ್ಣ. ವಾಲ್ವ್ ರೇಡಿಯೇಟರಿನ ಒಳಗೇ ಇರುತ್ತೆ, ತಿರುಗಿಸೋ ತಲೆ ಮೇಲಿನ ಮೂಲೇಲಿ. ಅಂಬೆಗಾಲಿಡೋ ಮಗುವಿಗೆ ಸಿಗಲ್ಲ. ನಾಲ್ಕು ವರ್ಷದ ನಮ್ಮ ಪುಟ್ಟನಿಗೆ ಸಿಗುತ್ತೆ, ದಿನಾ ಎಲ್ಲಕ್ಕಿಂತ ಬಿಸಿಯ 5ಕ್ಕೆ ತಿರುಗಿಸಿ "ಅಮ್ಮಾ, ಬೆಂಗಳೂರು ಮಾಡ್ದೆ" ಅಂತಾನೆ.

ರೆಡಿಂಗ್‌ನಿಂದ:

ನೆಲದ ಕೆಲಸ ಎರಡು ವಾರ ಮುಂದೆ ಹಾಕ್ಸಿದೆ. ಇವತ್ತು ಪ್ಲಂಬರ್ ಬಂದು ನೋಡಿದ. ನೆಲ ಹಲಗೇದೇ, ಆದ್ರೆ ಪೈಪು ಬರೀ 10 ಮಿ.ಮೀ. ಅಂತೆ, ಮೈಕ್ರೋಬೋರ್ ಅನ್ನೋ ಸಣ್ಣ ಪೈಪು. ಇದೇ ಇರ್ಲಾ, ಬದಲಾಯಿಸಬೇಕಾ?

ಮಿಲ್ಟನ್ ಕೀನ್ಸ್‌ನಿಂದ:

ಆ ಕಾಲದ ಮನೆ ಅಂದಾಗಲೇ ಅನುಮಾನ ಇತ್ತು. ಈಗಿನ ಬಾಯ್ಲರಿಗೆ ನಡೆಯುತ್ತೆ. ಮುಂದೆ ಹೀಟ್ ಪಂಪ್, ಅಂದ್ರೆ ಹೊರಗಿನ ಶಾಖ ಒಳಗೆ ತಂದು ನೀರು ಕಾಯಿಸೋ ಯಂತ್ರ, ಹಾಕೋ ಯೋಚನೆ ಇದ್ರೆ ನೀರು ಅಷ್ಟು ಬಿಸಿ ಇರಲ್ಲ, ಜಾಸ್ತಿ ಹರೀಬೇಕು, ಸಣ್ಣ ಪೈಪು ತಡೆಯುತ್ತೆ. ಹಲಗೆ ಹೇಗೂ ಎತ್ತಿರ್ತಾರೆ, ಈಗಲೇ 15 ಮಿ.ಮೀ. ಪೈಪು ಎಳೆಸಿಬಿಡಿ. ಅಲ್ಲಿವರೆಗೆ ಪೈಪಿಗೆ ಏನಾದರೂ ಸುತ್ತಿದ್ದೀರಾ?

ರೆಡಿಂಗ್‌ನಿಂದ:

ಬೂದು ಬಣ್ಣದ ಫೋಮ್ ಸುತ್ತಿದ್ದೆ ಅಣ್ಣ. ಈಗ ಹಿಡ್ಕೊಳ್ಳೋದು ಬಿಟ್ಟು ಕಚ್ತಾಳೆ. ಅದನ್ನೂ ಕಿತ್ತು ಸೋಫಾ ಅಡ್ಡ ಹಾಕಿದೆ. ರೇಡಿಯೇಟರ್ ಆಫ್, ನಾವು ಸ್ವೆಟರಲ್ಲಿ.