ಸಹಾಯ ಬೇಕು: ಸ್ವಯಂಸೇವಕ ಮುಂದಾಳುಗಳಿಗೆ ಅವಲೋಕನ ಕಲಿಸುವವರು

ನಮಸ್ಕಾರ. ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ ಕಡೆಯ ಪಾಲಿಯೇಟಿವ್ (ತೀವ್ರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ) ಸ್ವಯಂಸೇವಕ ತಂಡಗಳ ಮುಂದಾಳುಗಳಿಗೆ ತರಬೇತಿ ಕೊಡಬಲ್ಲವರು ಬೇಕು. ಮನೆಭೇಟಿ ಮುಗಿದ ದಿನವೇ 15 ನಿಮಿಷ ಕೂತು ನಾಲ್ಕು ಪ್ರಶ್ನೆ ಕೇಳುವ ಅವಲೋಕನದ ಕ್ರಮ ಇದೆ: ಏನಾಗಬೇಕಿತ್ತು, ಏನಾಯಿತು, ವ್ಯತ್ಯಾಸ ಯಾಕೆ, ಮುಂದಿನ ಸಲ ಏನು ಬದಲಿಸೋಣ.

ಮೂರನೆಯದರಲ್ಲೇ ಮಾತು ನಿಲ್ಲುವುದು. ಮುಂದಾಳು ಮೊದಲೇ ಅಭಿಪ್ರಾಯ ಹೇಳಿದರೆ ಉಳಿದವರು ‘ಸರಿ ಅಣ್ಣಾ’ ಎಂದು ಸುಮ್ಮನಾಗುತ್ತಾರೆ. ‘ತಪ್ಪು ಯಾರದ್ದು’ ಎಂದು ಕೇಳಿದರಂತೂ ಮುಗಿಯಿತು. ಹೊಸಬರು ಮೊದಲು, ಮುಂದಾಳು ಕೊನೆಗೆ ಮಾತಾಡಬೇಕು. ಬದಲಾವಣೆ ಒಂದೇ ಸಾಕು. ಹೊಣೆ ಹೊತ್ತವರ ಹೆಸರು, ತಾರೀಕು ಸಹಿತ ಬರೆದಿಟ್ಟು ಮುಂದಿನ ಭೇಟಿಗೆ ಹೊರಡುವ ಮೊದಲು ಓದಬೇಕು. (ರೋಗಿಯ ಹೆಸರು ಬರೆಯುವಂತಿಲ್ಲ.)

ಭಾಷಣ ಬೇಡ. ಭೇಟಿಗೇ ಜತೆಗೆ ಬಂದು, ಕನ್ನಡ, ತುಳು, ಮಲಯಾಳದಲ್ಲಿ ಇದನ್ನು ನಡೆಸಿ ತೋರಿಸಬಲ್ಲವರು ದಯವಿಟ್ಟು ಇಲ್ಲಿ ತಿಳಿಸಿ.